ತಕ್ಕಡಿ ಹಿಡಿಯುವವನು

ಪುಟಿಯೋಲಿಯ ರೇವಿನಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ:
"ನಿನ್ನ ಕಂಚಿನ ತಕ್ಕಡಿ ನಾಳೆ ಬೆಳಿಗ್ಗೆ ಬೇಕಲ್ಲ."
ತೂಗಲು ಏನೂ ಇರುವುದಿಲ್ಲ,
ಅವರಿಗೂ ಗೊತ್ತು, ನನಗೂ ಗೊತ್ತು.
ಮುತ್ತಜ್ಜಂದಿರ ಕಾಲಕ್ಕೆ ನಾಣ್ಯವಿರಲಿಲ್ಲವಂತೆ,
ಕಂಚಿನ ಗಟ್ಟಿಯನ್ನೇ ತೂಗಿ ಕೊಡುತ್ತಿದ್ದರಂತೆ.
ಈಗ ನಾನು ಎತ್ತಿ ಹಿಡಿಯುತ್ತೇನೆ,
ಒಬ್ಬ ಕಂಚಿನ ಚೂರಿನಿಂದ ಬಡಿಯುತ್ತಾನೆ,
ಠಣ್.
ಅಷ್ಟಾದರೆ ಎತ್ತು, ಹೊಲ, ಆಳು, ಮಗ
ಒಂದು ಕೈಯಿಂದ ಇನ್ನೊಂದು ಕೈಗೆ.

ಇವತ್ತು ಮುದುಕ ಓಪಿಯುಸ್ ಮಗನನ್ನು ಮಾರಿದ.
ಮೂರು ಸಲ.
ಜಗಳವಾಗಿ ಅಲ್ಲ. ಮಗನಿಗೆ ಮೂವತ್ತಾರು, ಕೆನ್ನೆಯ ಬಳಿ ನರೆ,
ತಾನೇ ಕಟ್ಟಿಸಿದ ದೋಣಿ ಎರಡು.
ಆದರೂ ದೋಣಿ ಅಪ್ಪನದು, ಮೀನು ಅಪ್ಪನದು,
ಬಲೆಗೆ ಬಿದ್ದ ಬಡಕಲು ಏಡಿಯೂ ಅಪ್ಪನದು,
ಅಪ್ಪನ ಉಸಿರು ಇರುವ ತನಕ.
ಮಗನನ್ನು ಮೂರು ಸಲ ಮಾರಿದ ಅಪ್ಪನಿಗೆ
ಮತ್ತೆ ಅವನ ಮೇಲೆ ಕೈಯಿಲ್ಲ ಎನ್ನುತ್ತದೆ ಹಳೆಯ ಕಾನೂನು.
ದುರಾಸೆಯ ಅಪ್ಪಂದಿರಿಗೆಂದು ಕಟ್ಟಿದ ಗೋಡೆಯಲ್ಲಿ
ಯಾವನೋ ಜಾಣ ಬಾಗಿಲು ಕೊರೆದ.

ಕೊಳ್ಳುವವನಾಗಿ ಗ್ರಾನಿಯುಸ್ ಬಂದಿದ್ದ,
ಮೀನಿನ ಸಾರು ಮಾರುವವ, ಮೈಯೆಲ್ಲ ಅದೇ ನಾತ.
ಸಾಕ್ಷಿಗೆ ಐವರು, ಒಬ್ಬನಿಗೆ ನೆಗಡಿ.
ಗ್ರಾನಿಯುಸ್ ಭುಜ ಹಿಡಿದ: "ಇವನು ನನ್ನವನು,
ಈ ಕಂಚಿನಿಂದ, ಈ ತಕ್ಕಡಿಯಿಂದ ಕೊಂಡೆ." ಠಣ್.
ಅಧಿಕಾರಿಯ ಕೋಲು ತಾಗಿತು, ಗ್ರಾನಿಯುಸ್ ಬಿಟ್ಟ,
ಮಗ ತಿರುಗಿ ಅಪ್ಪನ ಕೈಗೇ ಬಿದ್ದ, ಮುದುಕ ನಕ್ಕ.
ಮತ್ತೊಮ್ಮೆ. ಮತ್ತೆ ನಕ್ಕ.
ಮೂರನೆಯ ಸಲ ಠಣ್ ಎಂದಾಗ
ಕಂಚಿನ ಚೂರು ಇಸಿದುಕೊಳ್ಳುವುದನ್ನೇ ಮರೆತ.
ಚಾಚಿದ ಅಂಗೈ ಚಾಚಿದಂತೆಯೇ ಇತ್ತು,
ಅದರೊಳಗೆ ಏನಿತ್ತು ಎಂದು ನೋಡಿಕೊಳ್ಳುವ ಹಾಗೆ.
"ಮಗಳಾಗಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು,"
ಎಂದ ನೆಗಡಿಯವನು. ಅವನಿಗೆ ಹಸಿವಾಗಿತ್ತು.

ಮನೆಗೆ ಬರುವಾಗ ತಕ್ಕಡಿ ಹೊತ್ತವನು ಹಿಲಾರುಸ್.
ನಗುಮುಖದವನು ಎಂದು ನಾನಿಟ್ಟ ಹೆಸರು.
ಸಿರಿಯಾದಲ್ಲಿ ಅವನಿಗೆ ಬೇರೊಂದು ಇತ್ತು,
ಒಮ್ಮೆ ಹೇಳಿದ್ದ, ನನ್ನ ನಾಲಿಗೆ ಹೊರಳಲಿಲ್ಲ.
ಎರಡು ವರ್ಷಕ್ಕೆ ನಮ್ಮ ಮಾತು ಇಷ್ಟಿಷ್ಟು ಕಲಿತಿದ್ದಾನೆ,
ಎಣ್ಣೆ, ಹಗ್ಗ, ಹೌದು, ಈಗ ಬಂದೆ.
"ಎಮಾಂಕಿಪಾತಿಯೋ ಅಂದರಲ್ಲ ಎಲ್ಲರೂ,
ಬಿಡಿಸಿ ಹೇಳು," ಅಂದ.

ಬಿಡಿಸಿದೆ.
"ಮಾನುಸ್ ಅಂದರೆ ಕೈ," ನನ್ನ ಕೈ ತೋರಿಸಿದೆ.
"ಕಾಪಿಯೋ, ಹಿಡಿಯುತ್ತೇನೆ," ಅವನ ಮಣಿಕಟ್ಟು ಹಿಡಿದೆ.
"ಎರಡೂ ಕೂಡಿದರೆ ಮಾಂಕಿಪಿಯುಂ,
ಕೈಗೆ ಸಿಕ್ಕಿದ್ದು, ಕೈವಶವಾದದ್ದು..."
ಆ ಮಾತಿನ ಇನ್ನೊಂದು ಅರ್ಥ ಅವನಿಗೆ ಗೊತ್ತಿತ್ತು.
ಮಾರುಕಟ್ಟೆಯ ಜಗಲಿಯ ಮೇಲೆ
ಕೊರಳಿಗೆ ನೇತುಹಾಕಿದ್ದ ಹಲಗೆಯಲ್ಲಿ ಅದನ್ನೇ ಬರೆದಿತ್ತು.
"ಮೊದಲಿಗೊಂದು ಎ ಇದೆಯಲ್ಲ,
ಅದಕ್ಕೆ ಆಚೆ ಎಂದು ಅರ್ಥ."
"ಅಷ್ಟು ಚಿಕ್ಕದೇ?"
"ಅಷ್ಟೇ. ಅರ್ಧ ಉಸಿರು."
ಹುಡುಗ ಬಾಯೊಳಗೇ ಎ ಎಂದು ನೋಡಿದ,
ಬಿಸಿ ಗಂಜಿಯನ್ನು ತುಟಿಗೆ ತಾಗಿಸಿ ನೋಡುವವರಂತೆ.
"ಆದರೂ ಕೈ ಹೋಗಲಿಲ್ಲವಲ್ಲ," ಅಂದ,
"ಆಚೆ ಬಂದವನ ಮಾತಿನೊಳಗೂ ಹಿಡಿದುಕೊಂಡೇ ಇದೆ."

ಬಂದರಿನಲ್ಲಿ ಅಲೆಕ್ಸಾಂಡ್ರಿಯಾದ ಗೋಧಿ ಇಳಿಯುತ್ತಿತ್ತು.
ಹಮಾಲರು ಒಬ್ಬರ ಹಿಂದೊಬ್ಬರು ಹಲಗೆ ದಾಟುತ್ತಿದ್ದರು.
"ನನ್ನನ್ನು ಕೊಂಡಾಗಲೂ ಇದೇ ತಕ್ಕಡಿಯೇ?"
"ನೆರೆಮನೆಯವನು ಹಿಡಿದಿದ್ದ. ತಕ್ಕಡಿ ಇದೇ."
"ಎಷ್ಟು ಸಲ ಬಡಿದಿರಿ?"
"ಒಂದೇ ಸಲ."
ಬೆರಳು ಮಡಿಸಿದ. "ಹಾಗಾದರೆ ಇನ್ನೆರಡು."
ಆ ಲೆಕ್ಕ ಮಕ್ಕಳಿಗೆ, ಆಳುಗಳಿಗಲ್ಲ, ಎನ್ನಬೇಕಿತ್ತು.
ನಾಲಿಗೆ ಅದಕ್ಕೂ ಹೊರಳಲಿಲ್ಲ.

ಇಳಿಜಾರು ಬಂತು.
ಯಾರೂ ಬಡಿಯದೆ ಅವನ ಹೆಗಲಲ್ಲಿ ತಟ್ಟೆಗಳು
ಸದ್ದು ಮಾಡುತ್ತಿದ್ದವು.
ನನ್ನ ಕೈಯನ್ನೇ ನೋಡುತ್ತಿದ್ದ.
ನಾನೂ ನೋಡಿದೆ. ಅವನ ಮಣಿಕಟ್ಟಿನ ಸುತ್ತ
ಬೆರಳೈದೂ ಇದ್ದಲ್ಲೇ ಇದ್ದವು.

"ಎಡವುತ್ತೀಯೆಂದು ಹಿಡಿದಿದ್ದೇನೆ," ಎಂದೆ.